ಕೋಣೆಯಲ್ಲಿ ತುಂಬಿದ ದನಿ, ಧ್ವನಿಮುದ್ರಣದಲ್ಲಿ ತೆಳು: ಎಲೆಕ್ಟ್ರಿಕ್ ಗಿಟಾರ್‌ಗೆ ಮೈಕ್ ಇಡುವುದು ಹೇಗೆ?

ತಂತಿತಾಳ

ಆ್ಯಂಪ್ ಮುಂದೆ ನಿಂತು ನುಡಿಸುವಾಗ ದನಿ ತುಂಬಿಕೊಂಡಿರುತ್ತದೆ. ತಂತಿಯನ್ನು ಅಂಗೈಯಿಂದ ಒತ್ತಿ ಮೀಟಿದರೆ ಎದೆಗೆ ಬಂದು ತಟ್ಟುತ್ತದೆ. ಅದನ್ನೇ ಮೈಕ್‌ನಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಕೇಳಿದರೆ ಡಬ್ಬಿಯೊಳಗೆ ಸಿಕ್ಕಿಕೊಂಡ ಜೀರುಂಡೆ! ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತವೆ, ಕೆಳಗಿನವು ಎಲ್ಲಿ ಹೋದವೋ ಗೊತ್ತಾಗುವುದಿಲ್ಲ.

ನನ್ನ ಬಳಿ ಇರುವುದು ಇಷ್ಟು: ಎರಡು ಹಮ್‌ಬಕರ್ ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಜೋಡಿ ಸುರುಳಿಗಳ) ಗಿಟಾರ್, 12 ಇಂಚಿನ ಒಂದೇ ಸ್ಪೀಕರ್ ಇರುವ 20 ವ್ಯಾಟ್ ವಾಲ್ವ್ ಆ್ಯಂಪ್, ಶೂರ್ ಎಸ್‌ಎಂ57 ಮೈಕ್, ಮೈಕ್ ಅನ್ನು ಕಂಪ್ಯೂಟರಿಗೆ ಜೋಡಿಸುವ, ಎರಡು ಚಾನೆಲ್‌ಗಳ ಸಾಧಾರಣ ಆಡಿಯೊ ಇಂಟರ್‌ಫೇಸ್. ಆ್ಯಂಪ್‌ನ ಗುಂಡಿಗಳಲ್ಲಿ ಗೇನ್ (ದನಿಯನ್ನು ಒರಟಾಗಿಸುವುದು) 8, ಬಾಸ್ (ಕೆಳಗಿನ ಕಂಪನಗಳು) 7, ಮಿಡ್ (ನಡುವಿನವು) 3, ಟ್ರೆಬಲ್ (ಮೇಲಿನವು) 7. ಮೈಕ್ ಅನ್ನು ಸ್ಪೀಕರಿನ ನಟ್ಟನಡುವೆ, ಜಾಲರಿ ಬಟ್ಟೆಗೆ ತಾಗಿಸಿ ಇಟ್ಟಿದ್ದೇನೆ. ಈಕ್ವಲೈಸರ್‌ನಲ್ಲಿ ಟ್ರೆಬಲ್ ತಗ್ಗಿಸಿದರೆ ಚುಚ್ಚುವುದು ನಿಲ್ಲುತ್ತದೆ, ಜೊತೆಗೆ ಜೀವವೂ ಹೋಗುತ್ತದೆ. ಮೈಕ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಬೆಲೆಬಾಳುವ ಪ್ರೀಆ್ಯಂಪ್ ಕೊಂಡರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು, ಮೈಕ್ ಬದಲಿಸಿ ಎಂದು ಇನ್ನೊಬ್ಬರು. ಯಾವುದು ಮೊದಲು?

ಶಬ್ದಶಂಕೆ

ಎರಡೂ ಬೇಡ. ಗಿಟಾರ್ ಆ್ಯಂಪ್‌ನಷ್ಟು ಜೋರಾದ ಮೂಲದ ಮುಂದೆ ಪ್ರೀಆ್ಯಂಪ್‌ಗೆ ಹೆಚ್ಚೇನೂ ಕೆಲಸವಿರುವುದಿಲ್ಲ. ಪಿಸುಮಾತು ಮುದ್ರಿಸುವವರಿಗೆ ಅದರ ವ್ಯತ್ಯಾಸ ತಿಳಿಯುತ್ತದೆ, ನಿಮಗೆ ಈಗ ತಿಳಿಯುವುದಿಲ್ಲ. ಎಸ್‌ಎಂ57 ಮಾರುಕಟ್ಟೆಗೆ ಬಂದದ್ದು 1965ರಲ್ಲಿ. ಅಂದಿನಿಂದ ಗಿಟಾರ್ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಮುಂದೆ ಅದು ನಿಂತೇ ಇದೆ. ತೊಂದರೆ ಮೈಕ್‌ನದಲ್ಲ, ಅದು ನಿಂತಿರುವ ಜಾಗದ್ದು.

ಪ್ಲಗಿನ್‌ಪ್ರಿಯ

ಮೈಕ್ ಏಕೆ ಬೇಕು? ಆ್ಯಂಪ್‌ಗೆ ಸ್ಪೀಕರ್ ಬದಲು ಅದರ ಶಕ್ತಿಯನ್ನು ನುಂಗುವ ಲೋಡ್ ಬಾಕ್ಸ್ ಹಚ್ಚಿ, ಕಂಪ್ಯೂಟರಿನಲ್ಲಿ ಕ್ಯಾಬಿನೆಟ್‌ನ ದನಿಯನ್ನು ಅನುಕರಿಸುವ ಇಂಪಲ್ಸ್ ರೆಸ್ಪಾನ್ಸ್ ಕಡತ ಹಾಕಿಕೊಳ್ಳಿ. ನಡುರಾತ್ರಿಯಲ್ಲೂ ಕೆಲಸ ನಡೆಯುತ್ತದೆ, ಅಕ್ಕಪಕ್ಕದವರ ಗೊಣಗಾಟವೂ ಇರುವುದಿಲ್ಲ.

ಹಳೆಯವಾಲ್ವ್

ಪ್ಲಗಿನ್‌ಪ್ರಿಯ ಅವರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ತಂತಿತಾಳ ಅವರ ತೊಡಕು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನೀವು ನುಡಿಸುವಾಗ ನಿಮ್ಮ ಕಿವಿ ಎಲ್ಲಿರುತ್ತದೆ? ನೆಲದ ಮೇಲಿರುವ ಆ್ಯಂಪ್ ನಿಮ್ಮ ಮೊಣಕಾಲಿಗೆ ಹಾಡುತ್ತಿರುತ್ತದೆ. 12 ಇಂಚು ಎಂದರೆ ಸುಮಾರು 30 ಸೆಂಟಿಮೀಟರ್ ಅಗಲದ ಕಾಗದದ ಕೋನ್. 1,100 ಹರ್ಟ್ಜ್ ಆಸುಪಾಸಿನಲ್ಲಿ ಶಬ್ದದ ತರಂಗದ ಉದ್ದವೂ ಅಷ್ಟೇ ಆಗುತ್ತದೆ. ಅಲ್ಲಿಂದ ಮೇಲಿನ ಕಂಪನಗಳು ಸುತ್ತಲೂ ಹರಡುವುದನ್ನು ಬಿಟ್ಟು, ಏರುತ್ತ ಹೋದಂತೆ ಇನ್ನಷ್ಟು ಕಿರಿದಾದ ಕೋಲಾಗಿ ನೇರ ಮುಂದಕ್ಕೆ ಹೊರಡುತ್ತವೆ. ನಿಂತವರ ಕಿವಿಗೆ ಆ ಕೋಲಿನ ಬಹುಪಾಲು ತಾಗುವುದೇ ಇಲ್ಲ. ಆದ್ದರಿಂದ ನೀವು ಟ್ರೆಬಲ್ ಅನ್ನು 7ಕ್ಕೆ ತಿರುಗಿಸಿದ್ದೀರಿ, ಅಲ್ಲಿಗೆ ಏರಿಸಿದರೆ ಮಾತ್ರ ನಿಮ್ಮ ಕಿವಿಯ ಎತ್ತರದಲ್ಲಿ ಸರಿಯಾಗಿ ಕೇಳುತ್ತದೆ. ಆದರೆ ಮೈಕ್ ಕೂತಿರುವುದು ಆ ಕೋಲಿನ ಬಾಯಲ್ಲೇ. ಅದು ಕೇಳುತ್ತಿರುವ ದನಿಯನ್ನು ನೀವು ಇದುವರೆಗೆ ಕೇಳಿಯೇ ಇಲ್ಲ.

ಪರೀಕ್ಷಿಸಬೇಕೆಂದರೆ ವಾಲ್ಯೂಮ್ ತೀರಾ ತಗ್ಗಿಸಿ, ಕುಳಿತು ತಲೆಯನ್ನು ಸ್ಪೀಕರಿನ ಮಟ್ಟಕ್ಕೆ ತಂದು ಕೇಳಿ. ಜೋರಾಗಿಟ್ಟು ಈ ಸಾಹಸ ಮಾಡಬೇಡಿ, ಕಿವಿ ಕೆಟ್ಟರೆ ಯಾವ ಮೈಕ್ ಇದ್ದೂ ಉಪಯೋಗವಿಲ್ಲ. ಆ ಜಾಗದಲ್ಲಿ ಕೇಳುವಂತೆ ಗುಂಡಿಗಳನ್ನು ತಿರುಗಿಸಿಕೊಳ್ಳಿ. ಟ್ರೆಬಲ್ ತಾನಾಗಿಯೇ 4ರ ಹತ್ತಿರಕ್ಕೆ ಇಳಿಯುತ್ತದೆ, ನೋಡುತ್ತಿರಿ.

ಈಗ ಮೈಕ್. ಜಾಲರಿ ಬಟ್ಟೆಯ ಹಿಂದೆ ಟಾರ್ಚ್ ಬೆಳಕಲ್ಲಿ ನೋಡಿದರೆ ಕೋನ್‌ನ ನಡುವೆ ಉಬ್ಬಿದ ಮುಚ್ಚಳ ಕಾಣುತ್ತದೆ, ಅದು ಡಸ್ಟ್ ಕ್ಯಾಪ್. ಮೈಕ್ ಅದರ ನಡುವಿಗೆ ಮುಖ ಮಾಡಿದ್ದರೆ ದನಿ ಅತ್ಯಂತ ತೀಕ್ಷ್ಣ. ಹೊರ ಅಂಚಿನತ್ತ ಸರಿಸಿದಷ್ಟೂ ಮೆತ್ತಗಾಗುತ್ತದೆ, ಕೊನೆಗೆ ಮಂಕಾಗುತ್ತದೆ. ಮುಚ್ಚಳವು ಕೋನ್‌ಗೆ ಅಂಟಿರುವ ಗೆರೆಯಿಂದ ಶುರುಮಾಡಿ. ಒಂದು ಸೆಂಟಿಮೀಟರ್ ಆಚೀಚೆಯಾದರೂ ಕೇಳಿಸುವಷ್ಟು ವ್ಯತ್ಯಾಸವಾಗುತ್ತದೆ. ನೀವು ಈಕ್ವಲೈಸರ್‌ನಲ್ಲಿ ಹುಡುಕುತ್ತಿರುವುದು ಈ ಒಂದು ಸೆಂಟಿಮೀಟರಿನಲ್ಲಿದೆ.

ದೂರದ ಲೆಕ್ಕ ಬೇರೆ. ಎಸ್‌ಎಂ57 ಕಾರ್ಡಿಯಾಯ್ಡ್ ಮೈಕ್ (ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವಂಥದ್ದು), ಮೂಲಕ್ಕೆ ಹತ್ತಿರವಾದಷ್ಟೂ ಬಾಸ್ ಉಬ್ಬಿಸುತ್ತದೆ. ಬಟ್ಟೆಗೆ ತಾಗಿಸಿದರೆ ಆ ಉಬ್ಬು ಗರಿಷ್ಠ. 10 ಸೆಂಟಿಮೀಟರ್ ಹಿಂದಕ್ಕೆ ಎಳೆದರೆ ಬಾಸ್ ಸಡಿಲವಾಗುತ್ತದೆ, ಕೋನ್‌ನ ಬೇರೆ ಭಾಗಗಳೂ ಮೈಕ್‌ಗೆ ಕೇಳಿಸತೊಡಗಿ ದನಿ ಒಟ್ಟುಗೂಡುತ್ತದೆ. ಇದೇ ಮೈಕ್‌ಗೆ 5,000–6,000 ಹರ್ಟ್ಜ್ ಸುತ್ತ ಒಂದು ಏರು ಇದೆ. ಗಿಟಾರ್ ಸ್ಪೀಕರ್‌ಗಳ ದನಿ 5,000 ದಾಟಿದ ಮೇಲೆ ಕಡಿದಾಗಿ ಇಳಿಯುವುದರಿಂದ ಆ ಏರು ಹಲವು ಸಲ ಒಳ್ಳೆಯದನ್ನೇ ಮಾಡುತ್ತದೆ. ಗೇನ್ ವಿಪರೀತ ಇದ್ದು, ಮೈಕ್ ನಟ್ಟನಡುವೆ ಇದ್ದಾಗ ಮಾತ್ರ ಅದು ಶತ್ರು. ಮೈಕ್ ಅನ್ನು 45 ಡಿಗ್ರಿ ಓರೆ ಮಾಡುವುದೂ ಒಂದು ದಾರಿ. ನನಗೆ ಅದಕ್ಕಿಂತ ನೇರ ಇಟ್ಟು ಪಕ್ಕಕ್ಕೆ ಸರಿಸುವುದು ಹಿಡಿಸುತ್ತದೆ, ಏನು ಬದಲಾಯಿತು ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಒಬ್ಬರೇ ಇದ್ದರೆ ಜಾಗ ಹುಡುಕಲು ಒಂದು ಉಪಾಯ. ಗಿಟಾರ್ ನುಡಿಸದೆ, ಆ್ಯಂಪ್‌ನ ಗೇನ್ ಏರಿಸಿ ಅದರ ಹಿಸ್ ಸದ್ದು ಮಾತ್ರ ಬರುವಂತೆ ಬಿಡಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಮೈಕ್ ಅನ್ನು ನಿಧಾನವಾಗಿ ಸರಿಸಿ. ಹಿಸ್‌ನ ಬಣ್ಣ ಬದಲಾಗುತ್ತಾ ಹೋಗುತ್ತದೆ. ತೀರಾ ಚೂಪೂ ಅಲ್ಲದ, ತೀರಾ ಮಬ್ಬೂ ಅಲ್ಲದ ಕಡೆ ನಿಲ್ಲಿಸಿ ಟೇಪ್‌ನಿಂದ ಗುರುತು ಹಾಕಿ. ಗಿಟಾರ್‌ನ ವಾಲ್ಯೂಮ್ ಸೊನ್ನೆಯಲ್ಲೇ ಇರಲಿ. ತಂತಿಗೆ ಕೈ ತಗುಲಿದರೆ ಹೆಡ್‌ಫೋನಿನೊಳಗೆ ಸಿಡಿಲು ಹೊಡೆದಂತಾಗುತ್ತದೆ.

ಶಬ್ದಶಂಕೆ

ಇದಕ್ಕೆ ಒಂದು ಸೇರಿಸುತ್ತೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೈಕ್ ಸರಿಸಿ, ಗೇನ್ ತಗ್ಗಿಸಿ, ಪಿಕಪ್ ಬದಲಿಸಿ ಆಮೇಲೆ «ಚೆನ್ನಾಯಿತು» ಎಂದರೆ ಯಾವುದರಿಂದ ಚೆನ್ನಾಯಿತು ಎಂದು ದೇವರಿಗೂ ತಿಳಿಯುವುದಿಲ್ಲ.

ಪ್ಲಗಿನ್‌ಪ್ರಿಯ

ಇಷ್ಟೆಲ್ಲ ಸರ್ಕಸ್ ಬೇಡವೆಂದೇ ನಾನು ಇಂಪಲ್ಸ್ ರೆಸ್ಪಾನ್ಸ್ ಎಂದದ್ದು.

ಹಳೆಯವಾಲ್ವ್

ನಿಮ್ಮ ಇಂಪಲ್ಸ್ ರೆಸ್ಪಾನ್ಸ್ ಏನು? ಯಾರೋ ಒಬ್ಬರು ಒಂದು ಕ್ಯಾಬಿನೆಟ್ ಮುಂದೆ ಒಂದು ಮೈಕ್ ಇಟ್ಟು ಅಳೆದಿಟ್ಟ ಫಲಿತ. ಅವರೂ ಈ ಸರ್ಕಸ್ ಮಾಡಿಯೇ ಅಳೆದಿದ್ದಾರೆ. ಜಾಗ ಅವರ ಆಯ್ಕೆ, ಕಿವಿ ಅವರದು. ಅದನ್ನು ಬಳಸುವುದರಲ್ಲಿ ತಪ್ಪೇನಿಲ್ಲ, ಸಾವಿರ ಕಡತಗಳಲ್ಲಿ ಒಂದನ್ನು ಆರಿಸಲಾದರೂ ಕೋನ್ ಮುಂದೆ ಯಾವ ಜಾಗ ಹೇಗೆ ಕೇಳುತ್ತದೆ ಎಂದು ತಿಳಿದಿರಬೇಕು ಅಷ್ಟೇ.

ಇನ್ನೊಂದು ಮಾತು, ಇದು ತಮಾಷೆಯಲ್ಲ. ವಾಲ್ವ್ ಆ್ಯಂಪ್‌ನಿಂದ ಸ್ಪೀಕರ್ ಕಿತ್ತು, ಅದಕ್ಕೆ ಹೊಂದುವ ಲೋಡ್ ಬಾಕ್ಸ್ ಹಾಕದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಓಮ್ ಲೆಕ್ಕವೂ, ವ್ಯಾಟ್ ಲೆಕ್ಕವೂ ಹೊಂದಬೇಕು. ಸ್ಪೀಕರ್ ಜಾಗದಲ್ಲಿ ಏನನ್ನು ಜೋಡಿಸುವ ಮೊದಲೂ ಇದನ್ನು ನೋಡಿಕೊಳ್ಳಿ.

ತಂತಿತಾಳ

ಎಲ್ಲರಿಗೂ ಧನ್ಯವಾದಗಳು. ಹಿಸ್ ಕೇಳಿಕೊಂಡು ಜಾಗ ಹುಡುಕಿದೆ. ಮುಚ್ಚಳದ ಅಂಚಿನಿಂದ ಸ್ವಲ್ಪ ಹೊರಗೆ, ಬಟ್ಟೆಯಿಂದ ನಾಲ್ಕು ಬೆರಳು ದೂರ. ಟ್ರೆಬಲ್ 4, ಬಾಸ್ 6. ಚುಚ್ಚುವುದು ಹೋಯಿತು. ಗಿಟಾರ್ ಒಂದನ್ನೇ ಕೇಳಿದರೆ ಬಹಳ ಚೆನ್ನಾಗಿದೆ.

ಆದರೆ ಡ್ರಮ್ಸ್ ಮತ್ತು ಬಾಸ್ ಗಿಟಾರ್ ಜೊತೆ ಹಾಕಿದೊಡನೆ ನನ್ನದು ಮುಳುಗಿಹೋಗುತ್ತದೆ. ವಾಲ್ಯೂಮ್ ಏರಿಸಿದರೆ ಎಲ್ಲರನ್ನೂ ಮುಚ್ಚುತ್ತದೆ, ಇಳಿಸಿದರೆ ಕಾಣೆ. ನಡುವಿನ ಹದ ಸಿಗುತ್ತಿಲ್ಲ.

ಮಧ್ಯಲಯ

ಗೇನ್ 8, ಮಿಡ್ 3. ಉತ್ತರ ನಿಮ್ಮ ಮೊದಲ ಸಾಲುಗಳಲ್ಲೇ ಇತ್ತು.

ಒಬ್ಬರೇ ಕೋಣೆಯಲ್ಲಿ ನುಡಿಸುವಾಗ ಮಿಡ್ ತಗ್ಗಿಸಿದರೆ ದನಿ ದೊಡ್ಡದಾಗಿ ಕೇಳುತ್ತದೆ. ತಂಡದಲ್ಲಿ ಬಾಸ್ ಭಾಗವನ್ನು ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್ ಹಿಡಿದಿರುತ್ತವೆ, ಮೇಲ್ಭಾಗವನ್ನು ಸಿಂಬಲ್‌ಗಳು. ಗಿಟಾರ್‌ಗೆ ಉಳಿಯುವುದು ಮಿಡ್ ಒಂದೇ, ಅದನ್ನೇ ನೀವು ಕೈಯಾರೆ ತೆಗೆದುಹಾಕಿದ್ದೀರಿ! 6ಕ್ಕೆ ಏರಿಸಿ. ಒಂಟಿಯಾಗಿ ಕೇಳಿದಾಗ ಮೂಗಿನಿಂದ ಹಾಡಿದಂತೆ ಅನ್ನಿಸಬಹುದು, ಅನ್ನಿಸಲಿ. ಕೇಳುಗರು ನಿಮ್ಮ ಟ್ರ್ಯಾಕನ್ನು ಒಂಟಿಯಾಗಿ ಕೇಳುವುದಿಲ್ಲ.

ಗೇನ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಡಿಸ್ಟಾರ್ಷನ್ ಎಂದರೆ ಕಂಪ್ರೆಷನ್ ಕೂಡ ಹೌದು: ಜೋರು ಮತ್ತು ಮೆಲ್ಲಗಿನ ಅಂತರವನ್ನು ಅದು ತಿಂದುಹಾಕುತ್ತದೆ. ಕೋಣೆಯಲ್ಲಿ ಸ್ಪೀಕರ್ ಗಾಳಿಯನ್ನು ತಳ್ಳುವುದರಿಂದ ಪ್ರತಿ ಮೀಟಿನ ಪೆಟ್ಟು ಮೈಗೆ ತಿಳಿಯುತ್ತದೆ. ಮುದ್ರಣದಲ್ಲಿ ಆ ಸುಖ ಇಲ್ಲ, ಅಲ್ಲಿ ಪಿಕ್ ತಂತಿಯನ್ನು ಬಿಡುವ ಕ್ಷಣ ಸ್ಪಷ್ಟವಾಗಿದ್ದರೆ ಮಾತ್ರ ದನಿಗೆ ಭಾರ ಬರುತ್ತದೆ. ಗೇನ್ 8ರಲ್ಲಿ ಆ ಕ್ಷಣವೇ ಇರುವುದಿಲ್ಲ, ಉದ್ದನೆಯ ಝೇಂಕಾರ ಮಾತ್ರ. 5ಕ್ಕೆ ಇಳಿಸಿ, ಕೈ ಗಟ್ಟಿಯಾಗಿ ಹಾಕಿ. ನುಡಿಸುವುದು ಕಷ್ಟವಾಗುತ್ತದೆ, ಸ್ವರ ಬೇಗ ಸಾಯುತ್ತದೆ, ಬೆರಳಿನ ಎಡವಟ್ಟುಗಳೆಲ್ಲ ಹೊರಗೆ ಬರುತ್ತವೆ. ಆ ಕಷ್ಟವೇ ಮುದ್ರಣದಲ್ಲಿ ತೂಕವಾಗಿ ಕೇಳುತ್ತದೆ.

ದಪ್ಪ ಬೇಕೆಂದರೆ ಅದೇ ಭಾಗವನ್ನು ಇನ್ನೊಮ್ಮೆ ನುಡಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿ. ಇನ್ನೊಮ್ಮೆ ನುಡಿಸಬೇಕು, ಒಂದೇ ಟ್ರ್ಯಾಕನ್ನು ನಕಲು ಮಾಡಿ ಎರಡೂ ಬದಿಗೆ ಹಾಕಿದರೆ ಅದು ನಡುವೆಯೇ ಕೂತಿರುತ್ತದೆ, ಸ್ವಲ್ಪ ಜೋರಾಗುತ್ತದೆ ಅಷ್ಟೇ. ಎರಡು ನುಡಿಸಾಣಿಕೆಗಳ ನಡುವಿನ ಕೂದಲೆಳೆಯ ವ್ಯತ್ಯಾಸದಿಂದಲೇ ಅಗಲ ಹುಟ್ಟುವುದು. ಹೀಗೆ ಜೋಡಿಯಾಗಿ ಮುದ್ರಿಸುವಾಗ ಗೇನ್ ಇನ್ನೂ ತಗ್ಗಿಸಬಹುದು, ಎರಡೂ ಸೇರಿದಾಗ ಒರಟುತನ ತಾನಾಗಿ ಹೆಚ್ಚುತ್ತದೆ.

ಮಿಕ್ಸ್ ಹಂತದಲ್ಲಿ: ಸಾಮಾನ್ಯ ಶ್ರುತಿಯಲ್ಲಿ ಅತ್ಯಂತ ಕೆಳಗಿನ ತಂತಿಯ ಮೂಲ ಕಂಪನ 82 ಹರ್ಟ್ಜ್. ಅದಕ್ಕಿಂತ ಕೆಳಗೆ ಬರುವುದು ಹೆಚ್ಚಾಗಿ ಅಂಗೈಯ ಧಡ್ ಸದ್ದು, ಕ್ಯಾಬಿನೆಟ್‌ನ ಗುಡುಗು. ಹೈಪಾಸ್ ಫಿಲ್ಟರನ್ನು 80ರಿಂದ 100ರ ನಡುವೆ ಇಟ್ಟು ಅದನ್ನು ಕತ್ತರಿಸಿ, ಬಾಸ್ ಗಿಟಾರ್ ಉಸಿರಾಡಲಿ. ಇನ್ನೂ ಮುಸುಕಾಗಿದ್ದರೆ 200–400ರ ನಡುವೆ ಸ್ವಲ್ಪ ತಗ್ಗಿಸಿ.

ಕೋನ್‌ಕಾಗದ

ಮಧ್ಯಲಯ ಅವರ ಮಾತಿಗೆ ಪೂರಕವಾಗಿ ಒಂದು. ಕೋಣೆಯಲ್ಲಿ ತುಂಬಿದಂತೆ ಕೇಳಿದ್ದು ಮುದ್ರಣದಲ್ಲಿ ತೆಳುವಾಗಲು ನಮ್ಮ ಕಿವಿಯೂ ಕಾರಣ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ವಕ್ರರೇಖೆಗಳು ಪ್ರಸಿದ್ಧ. ಸದ್ದು ಸಣ್ಣದಾದಂತೆ ಮಂದ್ರ ಕಂಪನಗಳು ಕಿವಿಗೆ ಬೇರೆಯವುಗಳಿಗಿಂತ ಬೇಗ ಕೇಳಿಸದಾಗುತ್ತವೆ. ಆ್ಯಂಪ್ ಅನ್ನು ಗೋಡೆ ನಡುಗುವಂತೆ ಕೇಳಿ, ಮುದ್ರಣವನ್ನು ಮಾತಿನ ಮಟ್ಟದಲ್ಲಿ ಕೇಳಿ ಹೋಲಿಸಿದರೆ ಮುದ್ರಣ ಸೋಲುವುದು ಖಚಿತ. ಹೋಲಿಕೆ ನ್ಯಾಯವಾಗಬೇಕಾದರೆ, ನೀವು ಮೆಚ್ಚಿದ ಯಾವುದಾದರೂ ಮುದ್ರಿತ ಹಾಡನ್ನು ಅದೇ ಸ್ಪೀಕರಿನಲ್ಲಿ, ಅದೇ ಮಟ್ಟದಲ್ಲಿ ಪಕ್ಕಪಕ್ಕ ಹಾಕಿ ಕೇಳಿ. ಆ ಹಾಡಿನ ಗಿಟಾರ್‌ಗಳು ನಾವು ಅಂದುಕೊಂಡದ್ದಕ್ಕಿಂತ ಎಷ್ಟು ಕಡಿಮೆ ಡಿಸ್ಟಾರ್ಟ್ ಆಗಿವೆ ಎಂದು ಅಚ್ಚರಿಯಾಗುತ್ತದೆ.

ತಂತಿತಾಳ

ಗೇನ್ 5, ಮಿಡ್ 6, ಎರಡು ಸಲ ನುಡಿಸಿ ಎಡಬಲಕ್ಕೆ. ಈಗ ತಂಡದೊಳಗೆ ಗಿಟಾರ್ ಕಾಣುತ್ತಿದೆ. ಒಂಟಿಯಾಗಿ ಕೇಳಿದರೆ ಒಣಗಿದಂತಿದೆ ಎಂಬುದೂ ನಿಜ, ಒಂಟಿಯಾಗಿ ಕೇಳಿಸುವ ಗುಂಡಿ ಒತ್ತುವುದನ್ನೇ ಬಿಟ್ಟಿದ್ದೇನೆ.

ಗೆಳೆಯರೊಬ್ಬರ ಹತ್ತಿರ ರಿಬ್ಬನ್ ಮೈಕ್ (ತೆಳು ಲೋಹದ ಪಟ್ಟಿಯಿಂದ ದನಿ ಹಿಡಿಯುವಂಥದ್ದು) ಇದೆ, ಕೆಲವು ದಿನಕ್ಕೆ ಕೊಡುತ್ತಾರಂತೆ. ಎರಡನ್ನೂ ಒಟ್ಟಿಗೆ ಇಟ್ಟರೆ ಹೇಗೆ? ಮೂರಕ್ಕೆ ಒಂದು ಎಂಬ ನಿಯಮ ಪಾಲಿಸಬೇಕು ಎಂದು ಓದಿದೆ. ಮೊದಲ ಮೈಕ್ 5 ಸೆಂಟಿಮೀಟರಿನಲ್ಲಿದ್ದರೆ ಎರಡನೆಯದು 15ರಲ್ಲಿ ಇರಬೇಕೇ?

ಹಳೆಯವಾಲ್ವ್

ಬೇಡ, ಬೇಡ. ಆ ನಿಯಮ ಎಲ್ಲಿಂದಲೋ ತಪ್ಪಾಗಿ ಬಂದು ಗಿಟಾರ್‌ನವರಿಗೆ ಅಂಟಿಕೊಂಡಿದೆ. ಅದು ಬೇರೆ ಬೇರೆ ಮೂಲಗಳಿಗೆ ಬೇರೆ ಬೇರೆ ಮೈಕ್ ಇಟ್ಟಾಗಿನದು. ಇಬ್ಬರು ಹಾಡುತ್ತಿದ್ದರೆ ಒಬ್ಬರ ದನಿ ಇನ್ನೊಬ್ಬರ ಮೈಕ್‌ಗೆ ಸೋರದಂತೆ, ಬಾಯಿಗೂ ಮೈಕ್‌ಗೂ ಇರುವ ದೂರದ ಮೂರರಷ್ಟು ಮೈಕ್‌ಗಳ ನಡುವೆ ಇರಲಿ ಎಂದು. ನಿಮ್ಮದು ಒಂದೇ ಸ್ಪೀಕರ್, ಎರಡು ಮೈಕ್. ಇಲ್ಲಿ ಬೇಕಾದದ್ದು ಅದಕ್ಕೆ ತದ್ವಿರುದ್ಧ: ಎರಡೂ ಕೋನ್‌ನಿಂದ ಒಂದೇ ದೂರದಲ್ಲಿರಬೇಕು.

ಏಕೆಂದರೆ ಶಬ್ದ 34 ಸೆಂಟಿಮೀಟರ್ ಸಾಗಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ಮೈಕ್ ಇನ್ನೊಂದಕ್ಕಿಂತ ಬರೀ 3.4 ಸೆಂಟಿಮೀಟರ್ ಹಿಂದಿದ್ದರೂ 5,000 ಹರ್ಟ್ಜ್‌ನಲ್ಲಿ ಒಂದರ ಏರು ಇನ್ನೊಂದರ ಇಳಿತದ ಮೇಲೆ ಬೀಳುತ್ತದೆ, ಎರಡೂ ಕೂಡಿಸಿದಾಗ ಅಲ್ಲೊಂದು ಹಳ್ಳ. ನೀವು ಹೇಳಿದ 10 ಸೆಂಟಿಮೀಟರ್ ಅಂತರದಲ್ಲಿ ಮೊದಲ ಹಳ್ಳ 1,700ರ ಸುತ್ತ. ಗಿಟಾರ್‌ನ ಮಾತು ಸ್ಪಷ್ಟವಾಗುವ ಜಾಗವೇ ಅದು.

ಎರಡು ಮೈಕ್‌ಗಳ ತಲೆಗಳನ್ನು ಪಕ್ಕಪಕ್ಕ ತಂದು ಸಾಲು ಮಾಡಿ. ಒಳಗೆ ದನಿ ಹಿಡಿಯುವ ಕ್ಯಾಪ್ಸೂಲ್‌ಗಳು ಒಂದೇ ಸಾಲಿನಲ್ಲಿರಬೇಕು, ಹೊರಗಿನ ಜಾಲರಿಗಳಲ್ಲ. ಬಳಿಕ ಒಂದು ಚಾನೆಲ್‌ನ ಪೊಲ್ಯಾರಿಟಿ ತಿರುಗಿಸಿ (ಅದರ ಏರು ಇಳಿತವಾಗುವಂತೆ), ಎರಡೂ ಸಮಮಟ್ಟದಲ್ಲಿಟ್ಟು ಮೈಕ್ ಸರಿಸುತ್ತಾ ಹೋಗಿ. ದನಿ ಅತ್ಯಂತ ಟೊಳ್ಳಾಗಿ, ಸಣ್ಣದಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ ಪೊಲ್ಯಾರಿಟಿಯನ್ನು ಮೊದಲಿನಂತೆ ಮಾಡಿ. ಅಲ್ಲಿ ಎರಡೂ ಹೆಚ್ಚು ಹೊಂದಿಕೊಂಡಿರುತ್ತವೆ.

ರಿಬ್ಬನ್ ಜೋಡಿ ಒಳ್ಳೆಯದು. ಅದರ ಮೇಲ್ಭಾಗ ಮೃದು, ಕೆಳಭಾಗ ತುಂಬಿದ್ದು. ಎಸ್‌ಎಂ57ನ ಅಂಚು ಅದಕ್ಕೆ ಸೇರಿದರೆ ಈಕ್ವಲೈಸರ್ ಮುಟ್ಟುವ ಅಗತ್ಯವೇ ಬರದಿರಬಹುದು. ಸಾಮಾನ್ಯವಾಗಿ ರಿಬ್ಬನ್ ಮೈಕ್ ಹಿಂದಿನಿಂದಲೂ ಮುಂದಿನಷ್ಟೇ ಕೇಳುತ್ತದೆ ಎಂಬುದು ನೆನಪಿರಲಿ, ಬರಿಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಬೇಡಿ. ಹಾಗೆಯೇ ಇಂಟರ್‌ಫೇಸ್ ಮೈಕ್‌ಗೆ ಕಳಿಸುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತನ್ನು ಆಫ್ ಮಾಡಿ. ಎಸ್‌ಎಂ57ಗೆ ಅದರಿಂದ ಏನೂ ಆಗದು, ಸರಿಯಾದ ಕೇಬಲ್ ಇದ್ದರೆ ಬಹುತೇಕ ರಿಬ್ಬನ್‌ಗಳಿಗೂ ಆಗದು, ಆದರೆ ಕೇಬಲ್ ಒಳಗೆಲ್ಲೋ ತಂತಿ ಕೆಟ್ಟಿದ್ದರೆ ಆ ತೆಳು ಲೋಹದ ಪಟ್ಟಿ ಹಾಳಾಗಬಹುದು. ಎರವಲು ತಂದ ಮೈಕ್, ಸ್ನೇಹ ಉಳಿಯಬೇಕಲ್ಲ.

ಶಬ್ದಶಂಕೆ

ಒಂದು ಮೈಕ್‌ನಲ್ಲಿ ಸರಿಬಾರದ್ದು ಎರಡರಲ್ಲಿ ಬಂದೀತೆಂಬ ಆಸೆ ಬೇಡ. ತಂತಿತಾಳ ಅವರಿಗೆ ಒಂದರಲ್ಲಿ ಸರಿಬಂದಿದೆ, ಆದ್ದರಿಂದ ಮುಂದುವರಿಯಬಹುದು.

ಹೊಸಮೀಟು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಗಿಟಾರ್‌ನಲ್ಲಿ ಸಿಂಗಲ್ ಕಾಯಿಲ್ ಪಿಕಪ್‌ಗಳು. ಮುದ್ರಿಸುವಾಗ ಗುಂಯ್ ಎಂಬ ಸದ್ದು ನಿಲ್ಲುವುದೇ ಇಲ್ಲ. ಮೈಕ್ ಬದಲಿಸಬೇಕೇ?

ಕೋನ್‌ಕಾಗದ

ಮೈಕ್‌ಗೂ ಅದಕ್ಕೂ ಸಂಬಂಧವಿಲ್ಲ. ಅದು ಮನೆಯ ವಿದ್ಯುತ್ತಿನ 50 ಅಥವಾ 60 ಹರ್ಟ್ಜ್ ಗುಂಗು ಮತ್ತು ಅದರ ಗುಣಕಗಳು. ಕಾಂತಕ್ಷೇತ್ರದ ಮೂಲಕ ಪಿಕಪ್‌ನ ಸುರುಳಿಯೊಳಗೆ ಬರುತ್ತಿದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಮ್‌ಬಕರ್ ರೂಪಿಸಿದ್ದೇ ಇದನ್ನು ರದ್ದು ಮಾಡಲು. ನಿಮಗೆ ಸದ್ಯಕ್ಕೆ ಮಾಡಬಹುದಾದದ್ದು: ಕಂಪ್ಯೂಟರ್ ಮತ್ತು ಆ್ಯಂಪ್‌ನ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಕುಳಿತು, ಕುರ್ಚಿಯಲ್ಲೇ ನಿಧಾನವಾಗಿ ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಗುಂಗು ಸಾಕಷ್ಟು ಅಡಗುತ್ತದೆ. ಆ ದಿಕ್ಕಿಗೆ ಮುಖ ಮಾಡಿ ನುಡಿಸಿ. ಆದರೆ ಆ್ಯಂಪ್‌ನ ಅರ್ಥಿಂಗ್ ಪಿನ್ ಕಿತ್ತರೆ ಗುಂಗು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಪ್ರಾಣಕ್ಕೇ ಅಪಾಯ.

ತಂತಿತಾಳ

ರಿಬ್ಬನ್ ಬಂತು. ಪೊಲ್ಯಾರಿಟಿ ತಿರುಗಿಸಿ ಹುಡುಕುವ ವಿಧಾನ ಕೆಲಸ ಮಾಡಿತು, ಟೊಳ್ಳಾಗುವ ಜಾಗ ಬಹಳ ಸ್ಪಷ್ಟವಾಗಿ ತಿಳಿಯುತ್ತದೆ. ಮಿಕ್ಸ್‌ನಲ್ಲಿ ರಿಬ್ಬನ್ ಸ್ವಲ್ಪ ಜೋರಾಗಿ, ಎಸ್‌ಎಂ57 ಅದಕ್ಕಿಂತ ಮೆಲ್ಲಗೆ ಇದ್ದರೆ ನನಗೆ ಹಿಡಿಸುತ್ತದೆ.

ಕೋಣೆಯ ಗಾಳಿಯೂ ಸಿಗಲಿ ಎಂದು ರಿಬ್ಬನ್ ಅನ್ನು ಒಂದು ಮೀಟರ್ ಹಿಂದೆ, ಸ್ಪೀಕರಿನ ಎತ್ತರಕ್ಕೇ ಇಟ್ಟು ನೋಡಿದೆ. ಅಲ್ಲಿ ಮಾತ್ರ ದನಿ ಪೈಪಿನೊಳಗಿಂದ ಬಂದಂತೆ. ಗೋಡೆಗೆ ಫೋಮ್ ಹಚ್ಚಬೇಕೇ?

ಹಳೆಯವಾಲ್ವ್

ಗೋಡೆಗಿಂತ ಮೊದಲು ನೆಲ ನೋಡಿ. ಸ್ಪೀಕರ್ ನಡುಭಾಗ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ, ಮೈಕ್ ಕೂಡ ಅಷ್ಟೇ ಎತ್ತರ, ನಡುವೆ ಒಂದು ಮೀಟರ್. ನೇರ ಬರುವ ಶಬ್ದ 100 ಸೆಂಟಿಮೀಟರ್ ಸಾಗಿದರೆ ನೆಲಕ್ಕೆ ಬಡಿದು ಬರುವುದು ಸುಮಾರು 117. ಆ 17 ಸೆಂಟಿಮೀಟರ್ ವ್ಯತ್ಯಾಸ 1,000 ಹರ್ಟ್ಜ್ ಹತ್ತಿರ ಹಳ್ಳ ತೋಡುತ್ತದೆ, ಆಮೇಲೆ 3,000ದಲ್ಲಿ ಮತ್ತೊಂದು. ಪೈಪಿನ ದನಿ ಅದೇ. ಬಟ್ಟೆಯ ಬುಡದಲ್ಲಿ ಮೈಕ್ ಇದ್ದಾಗಲೂ ನೆಲದಿಂದ ಶಬ್ದ ಬರುತ್ತದೆ, ಆದರೆ ನೇರ ಶಬ್ದಕ್ಕಿಂತ 20 ಡೆಸಿಬಲ್‌ಗೂ ಹೆಚ್ಚು ಸಣ್ಣದಾಗಿರುವುದರಿಂದ ಲೆಕ್ಕಕ್ಕೆ ಬರುವುದಿಲ್ಲ. ಹತ್ತಿರದ ಮೈಕ್‌ಗೆ ಕೋಣೆ ಹೇಗಿದ್ದರೂ ನಡೆಯುವುದು ಇದರಿಂದಲೇ.

ಆ್ಯಂಪ್ ಅನ್ನು ಗಟ್ಟಿಯಾದ ಮೇಜಿನ ಮೇಲೆ ಏರಿಸಿ, ನಡುವಿನ ನೆಲಕ್ಕೆ ದಪ್ಪ ಕಂಬಳಿಯನ್ನು ಎರಡು ಮೂರು ಮಡಿಕೆ ಮಾಡಿ ಹಾಸಿ. ಅಥವಾ ಮೈಕ್ ಅನ್ನೇ ನೆಲಕ್ಕೆ ತಾಗುವಷ್ಟು ಕೆಳಗಿಳಿಸಿ, ಆಗ ಎರಡೂ ದಾರಿಗಳ ಉದ್ದ ಹೆಚ್ಚುಕಡಿಮೆ ಒಂದೇ ಆಗುತ್ತದೆ. ತೆಳು ಫೋಮ್ ಮೇಲಿನ ಕಂಪನಗಳನ್ನಷ್ಟೇ ಹೀರುತ್ತದೆ, ಚಿಕ್ಕ ಕೋಣೆಯ ಬಾಸ್ ಗುಡುಗು ಹಾಗೆಯೇ ಉಳಿಯುತ್ತದೆ. ಚಿಕ್ಕ ಕೋಣೆಯಲ್ಲಿ ದೂರದ ಮೈಕ್ ಆಸೆ ಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ, ಒಳ್ಳೆಯ ರಿವರ್ಬ್ ಪ್ಲಗಿನ್ ಅದಕ್ಕಿಂತ ಮೇಲು.

ಪ್ಲಗಿನ್‌ಪ್ರಿಯ

ಹಳೆಯವಾಲ್ವ್ ಅವರ ಬಾಯಲ್ಲಿ ಪ್ಲಗಿನ್! ಈ ದಿನವನ್ನು ಬರೆದಿಟ್ಟುಕೊಳ್ಳುತ್ತೇನೆ.

ಮಧ್ಯಲಯ

ಬಿಟ್ಟುಹೋದ ಸಣ್ಣ ಸಂಗತಿಗಳು. ಮುದ್ರಣದ ಮಟ್ಟ 24 ಬಿಟ್‌ನಲ್ಲಿದ್ದರೆ ಶಿಖರಗಳು −12ರಿಂದ −10 ಡೆಸಿಬಲ್ ಮುಟ್ಟಿದರೆ ಸಾಕು, ಕೆಂಪು ದೀಪದ ಅಂಚಿಗೆ ಒಯ್ಯುವುದರಿಂದ ಲಾಭವೇನೂ ಇಲ್ಲ. ಜೋಡಿ ಟ್ರ್ಯಾಕ್ ಮಾಡುವಾಗ ಪ್ರತಿ ಸಲ ನುಡಿಸುವ ಮೊದಲೂ ಶ್ರುತಿ ನೋಡಿ. ಒಂದರಲ್ಲಿ ಕೂದಲಷ್ಟು ತಪ್ಪಿದ್ದರೂ ಎರಡು ಸೇರಿದಾಗ ಅಲೆಅಲೆಯಾಗಿ ಅಳುತ್ತದೆ. ತಂತಿ ಹಳತಾಗಿದ್ದರೆ ಬದಲಿಸಿ. ಸತ್ತ ತಂತಿಯ ಮಂಕನ್ನು ಯಾವ ಮೈಕ್ ಜಾಗವೂ ತೆಗೆಯದು.

ತಂತಿತಾಳ

ಎರಡನೆಯ ಸಲ ನುಡಿಸುವಾಗ ಮೊದಲಿನದಕ್ಕೆ ಎಷ್ಟು ಹತ್ತಿರ ಇರಬೇಕು? ನನ್ನದು ಪ್ರತಿ ಮೀಟಿನಲ್ಲೂ ಸ್ವಲ್ಪ ಆಚೀಚೆ ಆಗುತ್ತದೆ.

ಮಧ್ಯಲಯ

ಎರಡು ಬೇರೆ ಪೆಟ್ಟುಗಳಾಗಿ ಕೇಳಿದರೆ ಮತ್ತೆ ನುಡಿಸಿ. ಒಂದೇ ಪೆಟ್ಟಾಗಿ, ಅಗಲವಾಗಿ ಕೇಳಿದರೆ ಮುಟ್ಟಬೇಡಿ. ಸ್ವರ ಶುರುವಾಗುವುದಕ್ಕಿಂತ ನಿಲ್ಲುವುದನ್ನು ಹೆಚ್ಚು ಗಮನಿಸಿ, ಎಡಗಡೆಯದು ನಿಂತ ಮೇಲೂ ಬಲಗಡೆಯದು ಎಳೆಯುತ್ತಿದ್ದರೆ ಇಡೀ ತಂಡ ಸಡಿಲವಾಗಿ ಕೇಳುತ್ತದೆ. ಕಂಪ್ಯೂಟರಿನಲ್ಲಿ ತುಂಡು ತುಂಡಾಗಿ ಕತ್ತರಿಸಿ ಕೂರಿಸಬೇಡಿ, ಹಾಗೆ ಮಾಡಿದರೆ ಆ ಅಗಲವೇ ಹೋಗುತ್ತದೆ.

ಪ್ಲಗಿನ್‌ಪ್ರಿಯ

ತಂತಿತಾಳ ಅವರೇ, ಒಂದು ಕೋರಿಕೆ. ಮುಂದಿನ ಸಲ ಗಿಟಾರ್‌ನಿಂದ ಬರುವ ಸಿಗ್ನಲ್ ಅನ್ನು ಡಿಐ ಬಾಕ್ಸ್‌ನಲ್ಲಿ (ಗಿಟಾರ್ ಸಿಗ್ನಲ್ ಅನ್ನು ನೇರ ಮುದ್ರಣಕ್ಕೆ ಹೊಂದಿಸುವ ಪೆಟ್ಟಿಗೆ) ಕವಲೊಡೆಸಿ, ಒಂದನ್ನು ಆ್ಯಂಪ್‌ಗೂ ಇನ್ನೊಂದನ್ನು ನೇರ ಇಂಟರ್‌ಫೇಸ್‌ನ ಎರಡನೇ ಚಾನೆಲ್‌ಗೂ ಕೊಡಿ. ಮೈಕ್ ಜಾಗ ಸರಿಹೋಗದಿದ್ದರೂ ನುಡಿಸಿದ್ದು ಉಳಿಯುತ್ತದೆ, ಅದನ್ನೇ ಆಮೇಲೆ ಆ್ಯಂಪ್‌ಗೆ ಮರಳಿ ಕಳುಹಿಸಿ ಮತ್ತೆ ಮುದ್ರಿಸಬಹುದು. ಆ ನೇರ ಟ್ರ್ಯಾಕನ್ನು ಇಲ್ಲಿ ಹಾಕಿದರೆ ನಾನು ನನ್ನ ಇಂಪಲ್ಸ್ ರೆಸ್ಪಾನ್ಸ್‌ಗಳಲ್ಲಿ ಹಾಯಿಸುತ್ತೇನೆ. ಯಾವುದು ಯಾವುದೆಂದು ಹೇಳದೆ ಎರಡನ್ನೂ ಕೇಳಿಸೋಣ.

ತಂತಿತಾಳ

ಆಗಬಹುದು. ಎರಡೇ ಚಾನೆಲ್ ಇರುವುದರಿಂದ ರಿಬ್ಬನ್ ಕೈಬಿಟ್ಟು, ಎಸ್‌ಎಂ57 ಒಂದರಲ್ಲಿ ಮತ್ತು ಡಿಐ ಇನ್ನೊಂದರಲ್ಲಿ ತೆಗೆಯುತ್ತೇನೆ. ಮಟ್ಟ ಎರಡರದ್ದೂ ಸಮ ಮಾಡಿಯೇ ಹಾಕಿ, ಜೋರಾಗಿರುವುದೇ ಎಲ್ಲರಿಗೂ ಚೆನ್ನಾಗಿ ಕೇಳುತ್ತದೆ.

ಶಬ್ದಶಂಕೆ

ಮಟ್ಟವನ್ನು ನಾನು ಸಮ ಮಾಡಿಕೊಡುತ್ತೇನೆ. ಪಂದ್ಯ ಕಟ್ಟಿದವರ ಕೈಯಲ್ಲಿ ತಕ್ಕಡಿ ಬೇಡ.